ಪಂಪಿನ ವೇಗ ಹೆಚ್ಚಿಸಬೇಡ

ತಂಗೀ,

ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ.

ಸಂಜೆ ಲ್ಯಾಬಿಗೆ ಹೋಗಿ ಕಾಂಡಕೋಶಗಳ ದ್ರವ ಬದಲಿಸು. ಪಂಪಿನ ವೇಗ ಮಾತ್ರ ಹೆಚ್ಚಿಸಬೇಡ. ದ್ರವ ಮೆಲ್ಲಗೆ ಮೈಸವರಿ ಹರಿದರೆ ಅವು ಮೂಳೆಯ ಕೋಶಗಳಾಗುತ್ತವೆ, ರಭಸವಾದರೆ ಕಿತ್ತುಕೊಂಡು ಹೋಗುತ್ತವೆ. ಇದು ತಿಳಿಯಲು ನನಗೆ ಮೂರು ವರ್ಷ ಹಿಡಿದಿತ್ತು. ನೀನು ನನ್ನ ನೋಟ್‌ಬುಕ್ಕಿನಿಂದ ಹಾಗೇ ಎತ್ತಿಕೊಂಡೆ.

ಅಚ್ಚಾದ ನಿನ್ನ ಪ್ರಬಂಧವನ್ನು ನಿನ್ನೆ ಪ್ರೊಫೆಸರ್ ತೋರಿಸಿ, "ನಿನ್ನ ತಂಗಿ ಭಾರಿ ಚುರುಕು ಕಣಮ್ಮ" ಅಂದರು. ನಗುತ್ತಾ ತಲೆಯಾಡಿಸಿದೆ. ಆಮೇಲೆ ನನ್ನ ಹೆಸರು ಹುಡುಕಿದೆ, ಕೊನೆಯ ಕೃತಜ್ಞತೆಯಲ್ಲೂ ಇರಲಿಲ್ಲ. ನನ್ನ ಬೆನ್ನಿಗೆ ಬಿದ್ದವಳು ನೀನು. ಬಾಯಿಬಿಟ್ಟು ಕೇಳಿದ್ದರೆ ಪೂರ್ತಿ ಕೊಟ್ಟುಬಿಡುತ್ತಿದ್ದೆನಲ್ಲೇ!

ನೋಟ್‌ಬುಕ್ಕಿನ ಪುಟಗಳನ್ನು ಲಗತ್ತಿಸಿ ಬೆಳಿಗ್ಗೆ ಆ ಪತ್ರಿಕೆಯ ಸಂಪಾದಕರಿಗೆ ಬರೆದಿದ್ದೇನೆ. ಅಮ್ಮನಿಗೆ ಫೋನ್ ಮಾಡಿ ನೀನೇ ಹೇಳು. ನನ್ನ ಬಾಯಲ್ಲಿ ಅದು ಬರುವುದಿಲ್ಲ.

ಅಕ್ಕ