ರಸ್ತೆಯ ಮೇಲೆ ಸಿಗ್ನಲ್ ಇದೆ

ಅಕ್ಟೋಬರ್ 3

ಮತ್ತೆ ಅಪುಸೆನಿ ಬೆಟ್ಟ, ಅದೇ ಕಾರು. ಮಡಿಲಲ್ಲಿ ಲ್ಯಾಪ್‌ಟಾಪ್, ಪಕ್ಕದಲ್ಲಿ ಎರಡು ಫೋನು — ಒಂದರಲ್ಲಿ ಕಂಪನಿಯ ಹಳೆಯ ಸಿಡಿಎಂಎ ನೆಟ್‌ವರ್ಕ್, ಇನ್ನೊಂದರಲ್ಲಿ ಹೊಸ ತ್ರೀಜಿ. ಎರಡರ ಆಂಟೆನಾವೂ ಕಾರಿನ ನೆತ್ತಿಯ ಮೇಲೆ. ಯಾವುದು ಉಳಿಯಬೇಕು, ಯಾವುದನ್ನು ಮುಚ್ಚಬೇಕು... ಅಳೆದು ಹೇಳಬೇಕಾದವಳು ನಾನು. ಡ್ರೈವರ್ ತ್ರಾಯನ್ ಮಾಮ ದಾರಿಬದಿಯ ಶಿಲುಬೆ ಕಂಡಲ್ಲೆಲ್ಲ ಸ್ಟೀರಿಂಗ್ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾನೆ. ನನಗೆ ಜೀವ ಬಾಯಿಗೆ ಬರುತ್ತದೆ.

ಮಾತಿಗೆ ಎರಡೂ ಸರಿಸಮ. ಡೇಟಾದಲ್ಲಿ ಹೋಲಿಕೆಯೇ ಇಲ್ಲ. ಹಳೆಯದರಲ್ಲಿ ಒಂದು ವಿಡಿಯೊ ಹೋಗುವಷ್ಟರಲ್ಲಿ ಮಾಮನ ಸಿಗರೇಟು ಮುಗಿದಿತ್ತು. ಹೊಸದರಲ್ಲಿ ಹಚ್ಚುವಷ್ಟರಲ್ಲೇ ಹೋಯಿತು.

"ಬೇಗ ಹೋಗಿ ಆಗೋದೇನಮ್ಮ? ಆ ಕಡೆ ಕೇಳೋರು ಇರ್ಬೇಕಲ್ಲ" ಎಂದ. ಇವನದು ಯಾವಾಗಲೂ ಇಂಥದ್ದೇ.

ಅಕ್ಟೋಬರ್ 4, ಅಕ್ಕನ ಮನೆ

ಕಾರು ಮೇಲೇ ಬಿಟ್ಟು ಕಣಿವೆಗೆ ನಡೆದು ಇಳಿದೆ. ಗ್ಲಿಗೋರ್ ಭಾವ ಸೊರಗಿಹೋಗಿದ್ದಾರೆ. ಬೇಸಿಗೆಯಲ್ಲಿ ಹೃದಯ ಕೈಕೊಟ್ಟಾಗ ಉಳಿಸಿದ್ದು ಕಿಟಕಿಯಲ್ಲಿರುವ ಸಿಡಿಎಂಎ ಫೋನು. ಅಕ್ಕ ಕರೆ ಮಾಡಿದಳು, ಆಂಬುಲೆನ್ಸ್ ಮೇಲಿನ ರಸ್ತೆಗೆ ಬಂತು, ಊರವರು ಹೊತ್ತು ಹತ್ತಿಸಿದರು.

ಊಟದ ಮೇಜಿನ ಮೇಲೆ ಹೊಸ ಫೋನು ಇಟ್ಟು ನೋಡಿದೆ. ಸಿಗ್ನಲ್ಲಿನ ಒಂದು ಕಡ್ಡಿಯೂ ಇಲ್ಲ. ತ್ರೀಜಿ ಬಿಸಿಲಿದ್ದಂತೆ, ಗುಡ್ಡದ ನೆರಳಿಗೆ ಬೀಳುವುದಿಲ್ಲ. ಹಳೆಯದು ಹೇಗೋ ಗುಡ್ಡ ಬಳಸಿಕೊಂಡು ಒಳಗೆ ಬರುತ್ತದೆ.

"ನಿನ್ನ ಹೊಸ ಫೋನಿಗೆ ನಮ್ಮೂರು ಹಿಡಿಸ್ಲಿಲ್ಲ ಕಣೇ ಲೀವಿಯ" — ಭಾವ ನಕ್ಕರು, ಕೆಮ್ಮಿದರು.

ಸವೇತಕ್ಕ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಅವಳ ಅತ್ತೆಯ ಕಾಲದ ಮರದ ಕೊಂಬು, ಆಳುದ್ದದ್ದು. "ಎಲ್ಲಾ ಹೋದ್ರೆ ಇದಿದೆ ಬಿಡು. ಬ್ಯಾಟ್ರಿ ಬೇಡ, ಬಿಲ್ಲೂ ಬೇಡ." ಮದುವೆಗೆ ಒಂದು ರೀತಿ ಊದುತ್ತಿದ್ದರಂತೆ, ಆಪತ್ತಿಗೆ ಇನ್ನೊಂದು ರೀತಿ. ಏನೇನೋ ಹೇಳುತ್ತಿದ್ದಳು. ಪೂರ್ತಿ ಕೇಳಲಿಲ್ಲ, ಫೋನನ್ನು ಕಿಟಕಿಯಿಂದ ಕಿಟಕಿಗೆ ಹಿಡಿದು ನೋಡುತ್ತಿದ್ದೆ.

ಅಕ್ಟೋಬರ್ 15, ಕ್ಲುಜ್ ನಗರ

ವರದಿಯ ಕೊನೆಗೆ ಕಣಿವೆಯಲ್ಲಿ ಹೊಸದು ಸಿಗದ ವಿಷಯ ಸೇರಿಸಿದ್ದೆ. ಬಾಸ್ ಹೊರಿಯಾ ಅದೊಂದನ್ನೇ ತೆಗೆಸಿದರು.

"ಕಾರು ಹೋಗೋ ಕಡೆ ಅಳೆಯೋದು ನಿಯಮ. ಆಡು ಹತ್ತೋ ಕಡೆ ಅಲ್ಲ."

"ಅಲ್ಲಿ ನನ್ನ ಭಾವ ಇದ್ದಾರೆ ಸರ್. ಹಾರ್ಟ್ ಪೇಷೆಂಟು."

"ನೋಡಿದ್ಯಾ? ಈಗ ಎಲ್ಲರೂ ನೆಂಟಸ್ತಿಕೆಗೆ ಬರ್ದಿದ್ದಾಳೆ ಅಂತಾರೆ."

ರಸ್ತೆಯ ಅಂಕಿಗಳೇನೂ ಸುಳ್ಳಲ್ಲ. ಸಹಿ ಹಾಕಿದೆ.

ನವೆಂಬರ್ 22

ಸಿಡಿಎಂಎ ನಿಂತು ವಾರವಾಯಿತು. ಇವತ್ತು ಅಕ್ಕನ ಫೋನು, ನಾನು ಕೊಟ್ಟು ಬಂದ ಹೊಸದರಿಂದ. ಗುಡ್ಡದ ಮೇಲಿನ ಸ್ಮಶಾನದವರೆಗೆ ಹತ್ತಿ ಬಂದರೆ ಸಿಗ್ನಲ್ ಸಿಗುತ್ತದಂತೆ.

"ಸತ್ತೋರಿಗೆಲ್ಲ ಚೆನ್ನಾಗಿ ಸಿಗತ್ತೆ ನಿಮ್ ನೆಟ್‌ವರ್ಕು" ಎಂದಳು.

"ಹಿಮ ಬಿದ್ಮೇಲೆ ಏನ್ ಮಾಡ್ತೀಯಕ್ಕ?"

"ಏನ್ ಮಾಡೋದು? ಬೀಳದೇ ಇರ್ಲಿ ಅನ್ನೋದು."

ಡಿಸೆಂಬರ್ 6

ಸಂತ ನಿಕೊಲಾಯ್ ಹಬ್ಬ, ಆದರೂ ಡ್ಯೂಟಿ. ಮೇಲಿನ ರಸ್ತೆಯಲ್ಲಿ ಕೊನೆಯ ಅಳತೆ. ಮೊಣಕಾಲುದ್ದ ಹಿಮ. ಸಿಗ್ನಲ್ ಐದಕ್ಕೆ ಐದು.

ಕಣಿವೆಯಿಂದ ಕೊಂಬಿನ ದನಿ ಬಂತು. ಮೂರು ಸಲ, ಸ್ವಲ್ಪ ತಡೆದು ಮತ್ತೆ ಮೂರು. ಮಾಮ ಇಂಜಿನ್ ಆರಿಸಿದ. "ಯಾರನ್ನೋ ಕರೀತಿದ್ದಾರೆ." ಹಬ್ಬಕ್ಕೆ ಬಂದ ಪ್ರವಾಸಿಗರಿಗೆ ಊದುತ್ತಿರಬೇಕು, ಆಚೆ ಲಾಡ್ಜಿನವರು ಬೇಸಿಗೆಯಲ್ಲಿ ಊದಿಸುವುದಿಲ್ಲವೇ ಎಂದೆ. ಯಾವುದಕ್ಕೆ ಹೇಗೆ ಊದುತ್ತಾರೆಂದು ಅವನಿಗೂ ಗೊತ್ತಿರಲಿಲ್ಲ, ತಿಳಿದವರೆಲ್ಲ ಸತ್ತರು ಎಂದ. ಚೆನ್ನಾಗಿತ್ತು, ವಿಡಿಯೊ ಮಾಡಿದೆ. ಹೊರಿಯಾಗೆ ಕಳಿಸಿದೆ — ಕಣ್ಣು ಮಿಟುಕಿಸುವುದರೊಳಗೆ ಹೋಯಿತು. 'ಭೇಷ್, ಜಾಹೀರಾತಿಗೆ ಆಗುತ್ತೆ' ಎಂದು ಉತ್ತರ.

ಅಕ್ಕನ ಮನೆಗೆ ಇಳಿಯಲಿಲ್ಲ. ಹಿಮ ಜಾಸ್ತಿ, ಕತ್ತಲಾಗುತ್ತಿತ್ತು. ಬರುತ್ತಾ ಗಟ್ಟಿಯಾಗಿ ಅಳುವಂಥ ಆ ದನಿ ಬಹಳ ದೂರ ಕೇಳಿಸುತ್ತಲೇ ಇತ್ತು.

ಡಿಸೆಂಬರ್ 10, ಅಕ್ಕನ ಮನೆ

ಇವತ್ತು ಭಾವನನ್ನು ಮಣ್ಣು ಮಾಡಿದೆವು. ಮೇಲಿನ ಸ್ಮಶಾನದಲ್ಲಿ.

ಅಕ್ಕ ಅಳುತ್ತಿಲ್ಲ. ಬಂದವರಿಗೆಲ್ಲ ತಾನೇ ಪಾಲಿಂಕ ಸಾರಾಯಿ ಸುರಿದುಕೊಟ್ಟಳು. ಅವಳ ತುಟಿ ಒಡೆದು ಕಪ್ಪುಗಟ್ಟಿದೆ. ಹಬ್ಬದ ದಿನ ಮಧ್ಯಾಹ್ನ ಭಾವನಿಗೆ ಎದೆನೋವು ಬಂತಂತೆ. ಅಕ್ಕಪಕ್ಕದವರೆಲ್ಲ ಹಬ್ಬಕ್ಕೆ ಹೊರಗೆ ಹೋಗಿದ್ದರು, ಒಬ್ಬರನ್ನೇ ಬಿಟ್ಟು ಗುಡ್ಡ ಹತ್ತಲು ಮನಸ್ಸಾಗದೆ ಹೊಸ್ತಿಲಲ್ಲೇ ನಿಂತು ಕತ್ತಲಾಗುವವರೆಗೂ ಊದಿದಳಂತೆ. ಮೇಲಿನ ರಸ್ತೆಯಲ್ಲಿ ಯಾರಾದರೂ ಇದ್ದರೆ ಕೇಳಲಿ ಎಂದು.

ಈಗ ಕೊಂಬನ್ನು ಗೋಡೆಗೆ ತೂಗುಹಾಕಿ ನನ್ನ ಪಕ್ಕ ಬಂದು ಕೂತಳು.

"ಅವತ್ತು ನೀನು ಮೇಲೇ ಇದ್ಯಂತಲ್ಲ ಲೀವಿಯ? ತ್ರಾಯನ್ ಹೇಳ್ದ. ಪಾಪ, ಕಾರಿನ ಗ್ಲಾಸ್ ಏರ್ಸಿದ್ರೇನೋ. ಕೇಳಿಸ್ಲಿಲ್ಲ, ಅಲ್ವಾ?"

ಫೋನು ಜೇಬಿನಲ್ಲೇ ಇತ್ತು. ವಿಡಿಯೊ ಇನ್ನೂ ಅಳಿಸಿಲ್ಲ. ನಾನು ಅಕ್ಕನ ಮುಖ ನೋಡಿ "ಇಲ್ಲಕ್ಕ, ಕೇಳಿಸ್ಲಿಲ್ಲ" ಎಂದೆ.