ಕೊನೇ ಪುಟದವರೆಗೂ ಓದಿದೆ, ದಿವ್ಯಾ

ಮೂಡಿಗೆರೆ
9 ಜನವರಿ 2024

ಪ್ರೀತಿಯ ದಿವ್ಯಾ,

ಹೇಗಿದ್ದೀಯೆ? ಉತ್ತರ ತಡವಾಯಿತು. ಬೈಯಬೇಕೆನಿಸಿದರೆ ಬೈದುಬಿಡು, ಮುನಿಸಿಕೊಳ್ಳಬೇಡ. ಅಂಗಡಿಯಲ್ಲಿ ಮದುವೆ ಬಟ್ಟೆಗಳು ಹೊಲಿಯಲು ರಾಶಿ ಬಿದ್ದಿವೆ. ನಿನಗೆ ಯಾವನೋ ಹುಡುಗನ ಸಹವಾಸ ಎಂದುಕೊಂಡು ನಿಮ್ಮಣ್ಣ ಮೋಹಿತ್ ಫೋನ್ ಕಿತ್ತುಕೊಂಡದ್ದನ್ನು ನಿನ್ನ ಕಾಗದ ತಂದುಕೊಟ್ಟ ಭುವನಾ ಹೇಳಿದಳು. ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಆ ಹುಡುಗನನ್ನು ಹುಡುಕಿಕೊಂಡು ಅವನು ನಿಮ್ಮ ಕಳಸದ ಬೀದಿಯೆಲ್ಲ ಸುತ್ತುತ್ತಿದ್ದಾನಂತೆ. ಸುತ್ತಲಿ.

ಭುವನಾ ಕೈಲಿ ನೀನು ಕಳಿಸಿದ ಹಳೇ ಕಾದಂಬರಿಯನ್ನು ಮುಗಿಸಿದೆ. "ಇದನ್ನು ಓದು, ಆಮೇಲೆ ನನ್ನ ಜೊತೆ ಬರ್ತೀಯೋ ಇಲ್ವೋ ಹೇಳು" ಎಂದು ಬರೆದಿದ್ದೆಯಲ್ಲ. ಆ ಇಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ಇದ್ದಷ್ಟು ಹೊತ್ತು ನಾನೂ ಅಲ್ಲೇ ಇದ್ದೆ. ಕೊನೆಗೆ ಒಬ್ಬಳು ಮದುವೆಯಾದಳು, ಇನ್ನೊಬ್ಬಳು ಹೊಳೆಗೆ ಬಿದ್ದಳು. ಬರೆದವನ ಮೇಲೆ ವಿಪರೀತ ಕೋಪ ಬಂತು. ನಮ್ಮಂಥವರನ್ನು ಕೊಲ್ಲದೆ ಇವರಿಗೆ ಕಥೆ ಮುಗಿಸಲು ಬರುವುದಿಲ್ಲವೇ? ಆದರೆ ನಾನು ಅತ್ತದ್ದು ಸತ್ತವಳಿಗಲ್ಲ. ಸಾವಿನ ಸುದ್ದಿ ಬಂದಾಗ ಮದುವೆಯಾದವಳು ಗಂಡನಿಗೆ ಬಡಿಸುತ್ತಿದ್ದಳಲ್ಲ, ಬಡಿಸುತ್ತಲೇ ಇದ್ದಳಲ್ಲ, ಅದಕ್ಕೆ ಅತ್ತೆ.

ಅಮ್ಮಿ ನೋಡಿಬಿಟ್ಟರು. "ಕಥೆ ಓದ್ಕೊಂಡು ಅಳ್ತಾ ಕೂತ್ರೆ ಗುಂಡಿಗೆ ಕಾಜಾ ಯಾರು ಹಾಕ್ತಾರೆ ಮಾರಾಯ್ತಿ?" ಎಂದರು.

ನನ್ನ ಉತ್ತರ ಕೇಳು: ಬರುತ್ತೇನೆ. ಇಷ್ಟು ವರ್ಷ ಹೆದರಿದ್ದು ಸಾಕು. ನಿನ್ನನ್ನು ನೋಡಲು ಬಂದ ಆ ಬಾಳೆಹೊನ್ನೂರಿನ ಗಂಡಿಗೆ ಹೂಂ ಅನ್ನಬೇಡ. ಸೋಮವಾರ ಮೊದಲ ಬಸ್ಸಿಗೆ ಮೂಡಿಗೆರೆಗೆ ಬಾ. ಹಾಸನಕ್ಕೆ ಹೋಗೋಣ, ಅಲ್ಲಿಂದ ಮುಂದೆ ಎಲ್ಲಾದರೂ. ಹೊಲಿಗೆ ಬಲ್ಲವಳಿಗೆ ಯಾವ ಊರಲ್ಲೂ ಹೊಟ್ಟೆಪಾಡು ನಡೆಯುತ್ತದೆ.

ಅಲ್ಲಿಯವರೆಗೆ ಸರಿಯಾಗಿ ಊಟ ಮಾಡು. ಅಲ್ಲಾಹ್ ನಿನ್ನನ್ನು ಕಾಯಲಿ.

ನಿನ್ನವಳೇ,
ಯಾಸ್ಮಿನ್

ಮತ್ತೆ: ಪತ್ರ ಮಡಚುತ್ತಿದ್ದಾಗಲೇ ನಿಮ್ಮಮ್ಮ ಅಂಗಡಿಗೆ ಬಂದರು. ಕೈಯಲ್ಲಿ ಧಾರೆ ಸೀರೆಯ ಬ್ಲೌಸ್ ಪೀಸು. "ದಿವ್ಯಾ ಒಪ್ಪಿದ್ಲು ಕಣೇ, ಬಾಳೆಹೊನ್ನೂರಿನವ್ರಿಗೆ ಮಾತು ಕೊಟ್ಟಾಯ್ತು. ಅಳತೆ ಬ್ಲೌಸ್ ತಗೊಂಡು ಹೋಗೋದೇ ಬೇಡ, ಯಾಸ್ಮಿನ್‌ಗೆ ನನ್ನ ಅಳತೆ ಗೊತ್ತು ಅಂದ್ಲು" ಎಂದರು. ನನ್ನ ಉತ್ತರಕ್ಕೆ ನೀನು ಕಾಯಬಹುದಿತ್ತು ದಿವ್ಯಾ. ಕಾಯದಿದ್ದರೂ, ನನ್ನ ಕೈಲೇ ಹೊಲಿಸಬಾರದಿತ್ತು. ಟೇಪು ಮುಟ್ಟದೆ ಕತ್ತರಿಸಿದ್ದೇನೆ. ಮದುವೆಯಾದ ಮೇಲೆ ಮೈ ತುಂಬಿಕೊಂಡರೆ ಇರಲಿ ಎಂದು ಒಳಗೆ ಬಟ್ಟೆ ಬಿಟ್ಟಿದ್ದೇನೆ. ಆಗ ಬೇರೆ ಯಾರ ಹತ್ತಿರವಾದರೂ ಹೊಲಿಗೆ ಬಿಚ್ಚಿಸಿಕೋ.