ಒಂದು ಮೂಲೆಯನ್ನು ಬಿಟ್ಟು

೪ ಏಪ್ರಿಲ್ ೨೦೧೭

ಎಂಟಕ್ಕೆ ಟೇಬಲ್ ಮೇಲೆ ಡೆನಿಮ್ ಹಾಸಿಯಾಗಿತ್ತು. ಅರವತ್ತು ಪದರ. ಕತ್ತರಿಸಿಕೊಟ್ಟು, ಯೂನಿಟ್‌ನಲ್ಲಿ ಪರ್ಮಿಶನ್ ಹೇಳಿ, ಮನೆ ನೋಡಲು ಹೋದೆ. ಈಶ್ವರಮ್ಮ ಆಗಲೇ ಬಂದು ಬಾಗಿಲ ಚೌಕಟ್ಟು ಸವರುತ್ತಿದ್ದಳು. ಕೊಳ್ಳುವ ಆಸೆಯನ್ನು ಮಾರುವವನ ಮುಂದೆ ಹೀಗೆ ಬಿಚ್ಚಿಡಬಾರದು. ಹೆಂಡತಿಗೆ ಯಾರು ಹೇಳುವುದು.

ಕೋಟೆಯ ಬುಡದ ಹಳೆಯ ಮಾಳಿಗೆ ಮನೆ. ಬೇವಿನ ತೊಲೆಗಳು, ಮೇಲೆ ಮಣ್ಣು. ನಡುಮನೆಯ ಮೂಲೆಯಲ್ಲಿ ಮೊಣಕಾಲೆತ್ತರದ ಹುತ್ತ. ಅರಿಶಿನ, ಕುಂಕುಮ, ಬಾಡಿದ ಸೇವಂತಿಗೆ. ಮಾಲೀಕ ಚನ್ನಬಸವಯ್ಯ ಅದಕ್ಕೆ ಕೈಮುಗಿದ.

“ನಾಗಪ್ಪ ತಾನಾ ಎದ್ದು ಬಂದ ಮನಿರಿ ಇದು. ಕೇಳಿದವರಿಗೆಲ್ಲಾ ಸಿಗಂಗಿಲ್ಲ.”

“ಮತ್ತ ನೀವ್ಯಾಕ ಬಿಟ್ಟು ಹೊಂಟೀರಿ?”

“ಮಕ್ಕಳು ಕೇಳಬೇಕಲ್ರಿ. ಆರ್‌ಸಿಸಿ ಬೇಕಂತಾರ.”

ಹುತ್ತ ಕಟ್ಟುವುದು ಗೆದ್ದಲು. ಹಾವು ಬರೀ ಬಾಡಿಗೆದಾರ. ಹೇಳಲಿಲ್ಲ. ಇವಳ ಕಣ್ಣು ತುಂಬಿತ್ತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹದಿನಾಲ್ಕು ವರ್ಷ, ಇಲ್ಲಿ ರಾಯದುರ್ಗದ ಜೀನ್ಸ್ ಯೂನಿಟ್‌ನಲ್ಲಿ ಐದು. ಏಳು ಬಾಡಿಗೆ ಮನೆ. ಯಾವ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯಲು ಬಿಟ್ಟಿಲ್ಲ ಎಂಬುದು ಅವಳ ದೂರು. ಅಷ್ಟಕ್ಕೆ ಒಂದು ಮನೆ.

೧೯ ಏಪ್ರಿಲ್

ಸಾಲದ ಜೊತೆ ಮನೆಗೆ ಇನ್ಶೂರೆನ್ಸ್ ಕಡ್ಡಾಯವಂತೆ. ಫೈನಾನ್ಸ್ ಆಫೀಸಿನ ಉಷಾರಾಣಿ ಬೆರಳು ಮಡಚಿದಳು.

“ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ... ಎಲ್ಲಾ ಕವರ್ ಆಗ್ತದ ಸರ್.”

“ಗೆದ್ದಲು?”

“ಹೊಸ ಮನಿಗೆ ಹೊಂಟೀರಿ. ಯಾಕ ಕೆಟ್ಟದ್ದು ಮಾತಾಡ್ತೀರಿ, ಬಿಡ್ರಿ ಸರ್.”

ವಿಮೆ ಮಾರುವವಳಿಗೆ ಕೆಟ್ಟ ಮಾತು ಆಗುವುದಿಲ್ಲ.

ಸಂಜೆ ಪಾಲಿಸಿ ಓದಿದೆ. ಹದಿನಾಲ್ಕನೇ ಪುಟ ಒಂದೇ ಪ್ರಾಮಾಣಿಕವಾದದ್ದು: ಯಾವುದಕ್ಕೆ ಕೊಡುವುದಿಲ್ಲ ಎಂಬ ಪಟ್ಟಿ. ಸವಕಳಿ, ತೇವ, ಕೀಟ, ಗೆದ್ದಲು — ನಿಧಾನವಾಗಿ ಆಗುವ ಯಾವುದೇ ಹಾನಿ. ನಿಧಾನವಾಗಿ ಆಗದ ಹಾನಿ ನನಗಂತೂ ಯಾವುದೂ ಗೊತ್ತಿಲ್ಲ.

೨೬ ಏಪ್ರಿಲ್

ಗೆದ್ದಲಿನ ಔಷಧಿ ಹೊಡೆಯುವ ಮಾರುತಿ ಬಂದ. ಗೋಡೆಯ ಬುಡದುದ್ದಕ್ಕೂ ಅಡಿಗೊಂದು ತೂತು, ತೂತಿಗೊಂದು ಪಿಚಕಾರಿ. ಕೆಲಸದ ಮೇಲೆ ಗೌರವ ಇರುವ ಮನುಷ್ಯ. ರಾಯದುರ್ಗದಲ್ಲಿ ಅಪರೂಪ.

“ಐದು ವರ್ಷ ಗ್ಯಾರಂಟಿರಿ. ಆದ್ರ ಈ ಹುತ್ತ ಕೀಳಬೇಕು. ರಾಣಿ ಒಳಗೆ ಕುಂತಾಳ. ಅಕಿ ಇರೋತನಕ ನನ್ನ ಔಷಧಿ ಬರೇ ನೀರು.”

ಈಶ್ವರಮ್ಮ ಮೂಲೆಗೆ ಅಡ್ಡ ನಿಂತಳು. ಮಡಕಶಿರಾ ಕಡೆಯವಳು, ಸಿಟ್ಟು ಬಂದರೆ ತವರಿನ ಮಾತು ಇನ್ನೂ ದಪ್ಪವಾಗುತ್ತದೆ.

“ನಾಗಪ್ಪನ ಬಾಯಿಗೆ ವಿಸ ಬಿಡಾಕ್ ಬಂದಿದೀಯೇನಪ್ಪಾ? ನಿಂಗೂ ಹೆಂಡ್ರು ಮಕ್ಳು ಇಲ್ವಾ?”

“ಸರ್, ನೀವು ಓದಿದವರು. ನೀವಾದ್ರೂ ಹೇಳ್ರಿ.”

ಹೇಳಬಹುದಿತ್ತು. ಎರಡು ವಾಕ್ಯ ಸಾಕಿತ್ತು. ಬಂದದ್ದು ನಗು. ಇವಳ ನಾಗಪ್ಪನಿಗೂ ಅವನ ರಾಣಿಗೂ ನಡುವೆ ತೀರ್ಪು ಕೊಡುವುದು ನನ್ನ ಘನತೆಗೆ ಕಡಿಮೆ ಅನಿಸಿತು. ಮಾರುತಿ ಫಾರಂ ಮೇಲೆ ಬರೆದ: ಒಂದು ಮೂಲೆಯನ್ನು ಬಿಟ್ಟು, ಮಾಲೀಕರ ಇಚ್ಛೆಯಂತೆ. ಗ್ಯಾರಂಟಿ ಇಲ್ಲ.

ಸಹಿ ಮಾಡಿದೆ. ಬದುಕಿನಲ್ಲಿ ಮೊದಲ ಸಲ, ಮಾಲೀಕ ಎಂದು.

೩ ಮೇ

ಹಾಲುಕ್ಕಿಸಿದ್ದು ಮುಗಿಯಿತು. ನೆಂಟರು ಉಂಡು ಹೋದರು, ಬಚ್ಚಲು ಚಿಕ್ಕದು ಎಂದರು.

ಈಶ್ವರಮ್ಮ ನಡುಮನೆಯ ಕಂಬಕ್ಕೆ ಮೊಳೆ ಇಟ್ಟಳು, ಕನ್ನಡಿ ತೂಗುಹಾಕಲು. ಸುತ್ತಿಗೆ ನಾನು ಹುಡುಕಿ ತರುವಷ್ಟರಲ್ಲಿ ಮೊಳೆ ಒಳಗಿತ್ತು. ಹೆಬ್ಬೆರಳಲ್ಲೇ ಒತ್ತಿದ್ದಳು.

“ನೋಡು! ನಮ್ಮನೆ ನಂಗೆ ಬ್ಯಾಡ ಅನ್ನಲ್ಲ.”

ಹೆಬ್ಬೆರಳಿಗೆ ಇಳಿಯುವ ಕಂಬ. ಅರ್ಥವಾಯಿತು. ಅವಳು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದಳು. ಸುತ್ತಿಗೆಯನ್ನು ಒಳಗಿಟ್ಟು ಬಂದೆ.

೨೭ ಜುಲೈ

ಪಂಚಮಿ. ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ. ತಂಬಿಗೆ ತಂಬಿಗೆ ಹಾಲು. ಗೋಡೆ ಎದೆಮಟ್ಟಕ್ಕೆ ಒದ್ದೆ. ಈಶ್ವರಮ್ಮನಿಗೆ ಇಷ್ಟು ಗೌರವ ಯಾರೂ ಕೊಟ್ಟಿರಲಿಲ್ಲ. ಪಕ್ಕದ ಗಂಗಕ್ಕ, ಅಂಗಡಿಯಲ್ಲಿ ಇವಳನ್ನು ಪ್ಯಾಂಟಿಗೆ ಬಟನ್ ಹಚ್ಚುವಾಕೆ ಎನ್ನುತ್ತಿದ್ದವಳು, ಈಗ “ಪುಣ್ಯವಂತಿ ಬಿಡವ್ವಾ” ಎಂದಳು.

ಹುತ್ತ ಸೊಂಟದೆತ್ತರ. ಚೆನ್ನಾಗಿ ಉಣ್ಣುತ್ತಿದೆ.

೨೪ ಸೆಪ್ಟೆಂಬರ್

ಹದಿನೆಂಟರಂದು ಆದದ್ದು. ಬರೆಯಲಾಗಿರಲಿಲ್ಲ.

ಮೂರು ದಿನದ ಮಳೆ. ಬೆಳಗ್ಗೆ ಒಂಬತ್ತು. ಈಶ್ವರಮ್ಮ ನಡುಮನೆಯಲ್ಲಿ ಕೂತು ಕೂಲಿಗೆ ತಂದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದಳು. ತೊಲೆ ಮುರಿಯಿತು. ಸದ್ದೂ ದೊಡ್ಡದಲ್ಲ... ಹಪ್ಪಳ ಮುರಿದಷ್ಟು. ಮಾಳಿಗೆಯ ಮಣ್ಣು ಅವಳ ಮೇಲೆ. ಬಲಭುಜದ ಮೂಳೆ. ಬಳ್ಳಾರಿ ಆಸ್ಪತ್ರೆ, ನಾಲ್ಕು ದಿನ.

ದಾರಿಯಲ್ಲಿ ಅವಳು ಕೇಳಿದ್ದು ಒಂದೇ — “ಹುತ್ತಕ್ಕೆ ಏನಾದ್ರೂ ಆಯ್ತಾ?”

ಏನೂ ಆಗಿಲ್ಲ ಎಂದೆ. ನಿಜವೇ.

೬ ಅಕ್ಟೋಬರ್

ಅನಂತಪುರದಿಂದ ಇನ್ಶೂರೆನ್ಸ್ ಸರ್ವೇಯರ್. ಒಳಗೆಲ್ಲ ಮಣ್ಣು, ಮೊಳೆ. ಬೂಟು ಹಾಕಿಕೊಂಡೇ ಬಂದ. ತೊಲೆಗೆ ಪೆನ್ನು ಚುಚ್ಚಿದ. ಪೆನ್ನು ಕ್ಯಾಪ್‌ವರೆಗೂ ಹೋಯಿತು.

“ಮಳೆ ಅಂತ ಬರದೀರಿ. ಇದು ಮಳೆ ಅಲ್ರಿ.”

ಆಮೇಲೆ ಮೂಲೆ ನೋಡಿದ. ಬೂಟು ಬಿಚ್ಚಿದ. ಸಾಕ್ಸೂ ಬಿಚ್ಚಿದ. ಮೊಳೆಗಳ ನಡುವೆ ಬರಿಗಾಲಲ್ಲಿ ನಡೆದು, ಕೈಮುಗಿದು, ಕೆನ್ನೆ ಬಡಿದುಕೊಂಡು, ಕುಂಕುಮ ಹಚ್ಚಿಕೊಂಡ. ವಾಪಸ್ ಬಂದು ಬೂಟು ಹಾಕಿಕೊಂಡು ಬರೆದ: ಗೆದ್ದಲು, ಮನೆಯವರೇ ಬೆಳೆಸಿದ್ದು. ಪರಿಹಾರಕ್ಕೆ ಅರ್ಹವಲ್ಲ.

“ಕೈಮುಗಿದದ್ದು ಯಾಕ್ರಿ ಮತ್ತ?” ಎಂದೆ.

“ಅದು ಬ್ಯಾರೆ, ಇದು ಬ್ಯಾರೆ ಸರ್. ನಂಗೂ ಮನಿ ಐತಿ.”

ಇಂಥ ಮನುಷ್ಯನನ್ನು ನೋಡಿ ಒಂದು ಬಗೆಯ ತೃಪ್ತಿ. ದಿನವೆಲ್ಲ ಅದರಲ್ಲೇ ಕಳೆದೆ.

೧೧ ಅಕ್ಟೋಬರ್

ಮಾರುತಿ ಮತ್ತೆ ಬಂದು ನೋಡಿದ. ಹೊಸ ತೊಲೆ ಹಾಕಿದರೂ ವರ್ಷ ನಿಲ್ಲುವುದಿಲ್ಲ, ರಾಣಿ ಹೋಗದೆ. ಮನೆ ಬಿಡಿ, ಇಲ್ಲ ಹುತ್ತ ಬಿಡಿ ಎಂದ. ಅಗೆಯಲು ಯಾರೂ ಒಪ್ಪುತ್ತಿಲ್ಲ. ಕೂಲಿಯ ದೊಡ್ಡಬೀರಪ್ಪ ಕಬ್ಬಿಣದ ಗಡಾರಿ ಕೊಟ್ಟ, ಕೈ ಕೊಡಲಿಲ್ಲ.

ಸಂಜೆ ಐದು

ಈಶ್ವರಮ್ಮ ಹೊಸ್ತಿಲ ಮೇಲೆ ಕೂತಿದ್ದಳು, ಬಲಗೈ ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ. ಬಾಡಿಗೆ ಮನೆ ಒಂದಿದೆ, ಸ್ಟೇಷನ್ ಹತ್ತಿರ, ಎಂದೆ.

“ನಾನ್ ಈ ಮನೆ ಬಿಡಲ್ಲ. ಅದನ್ನ ಹೊಡಿ.”

“ನಿನ್ನ ನಾಗಪ್ಪ?”

“ನಂಗೆ ಕೈ ಎತ್ತಾಕಾಗಲ್ಲ. ನಿಂಗೆ ದೇವ್ರಿಲ್ಲ ಅಲ್ವಾ. ಎಲ್ಲಾರ್ನೂ ನೋಡಿ ನಗ್ತಿದ್ದೆ ಅಲ್ವಾ. ಅಕೋ, ನೀನೇ ಹೊಡಿ.” ಎಡಗೈಯಲ್ಲಿ ಕಂಬ ತೋರಿಸಿದಳು. “ಮೊಳೆ ಒತ್ತಿದಾಗ ನಿಂಗೆ ಗೊತ್ತಿತ್ತು. ಸುತ್ತಿಗೆ ಹಿಡ್ಕೊಂಡು ನಿಂತಿದ್ದೆ. ಕನ್ನಡೀಲಿ ನಿನ್ ಮುಖ ಕಾಣಿಸ್ತು.”

ಗಡಾರಿ ತೆಗೆದುಕೊಂಡೆ. ಭಾರವೇನಿಲ್ಲ. ಹುತ್ತದ ಮುಂದೆ ನಿಂತೆ. ಮಣ್ಣು, ಎಂಜಲು, ಹುಳ. ಇನ್ನೇನೂ ಅಲ್ಲ. ಎತ್ತಿದೆ.

ಕಾಲು ತಣ್ಣಗಾಯಿತು. ನೋಡಿಕೊಂಡೆ. ಚಪ್ಪಲಿ ಹೊಸ್ತಿಲ ಹತ್ತಿರ ಇದ್ದವು, ಜೋಡಿಯಾಗಿ. ಬಿಟ್ಟದ್ದು ಯಾವಾಗ...

ಅವಳು ಚಪ್ಪಲಿ ನೋಡಿದಳು, ನನ್ನನ್ನು ನೋಡಿದಳು. ನಗಬಹುದಿತ್ತು. ನಗಲಿಲ್ಲ.

“ಹೊಡಿ” ಎಂದಳು.

ಮೊದಲ ಏಟು ಬಿತ್ತು, ಬರಿಗಾಲಲ್ಲೇ.